ಗಂಗಲಕ್ಷ್ಮಿ ಮಿಸ್ ಮಾಡಿದ ಪ್ರಾಜೆಕ್ಟು

ನಲವತ್ತಾರನೆಯ ವಯಸ್ಸಿನಲ್ಲಿ ಗಂಗಲಕ್ಷ್ಮಿ ಎಂ.ಎಸ್ಸಿ. ಸೇರುವ ಮಾತೆತ್ತಿದಾಗ ಅವಳ ಗಂಡ ನರಸಿಂಹರಾಜು ಅಂಗಡಿಯಲ್ಲಿ ಕೂತು ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಎತ್ತದೆಯೇ, ಮಗಳು ನರ್ಸಿಂಗು ಬಿಟ್ಟು ಎಂ.ಎಸ್ಸಿ. ಯಾಕೆ ಓದಬೇಕಂತೆ ಎಂದು ಕೇಳಿದ. ಮಗಳಲ್ಲ, ನಾನು ಎಂದಳು ಗಂಗಲಕ್ಷ್ಮಿ. ಅವನು ತಂತಿ ಕೆಳಗಿಟ್ಟು ಅವಳನ್ನೇ ನೋಡಿದ. ಆಮೇಲೆ ಎಷ್ಟು ಸುತ್ತು ಹಾಕಿದ್ದೆನೆಂಬುದೇ ಮರೆತುಹೋಯಿತೆಂದು ಗೊಣಗಿಕೊಂಡು ಇಡೀ ಸುರುಳಿಯನ್ನು ಬಿಚ್ಚಿ ಮೊದಲಿಂದ ಸುತ್ತಿದ. ಸುತ್ತಿ ಮುಗಿದ ಮೇಲೆ, ಅಂಗಾದ್ರೆ ಬೆಳಗಿನ ಅಡುಗೆ ನಾನು ಕಲೀಬೇಕಾಯ್ತದೆ ಅಂದ. ಅದೇ ಅವನ ಒಪ್ಪಿಗೆ.

ಕಳ್ಳಂಬೆಳ್ಳದ ಸುತ್ತಮುತ್ತ ಗಂಗಲಕ್ಷ್ಮಿಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವಳು ಮಿಸ್ಸು. ಹುಲಿಕುಂಟೆಯ ಕಡೆ ಕುರಿ ಸಾಕಿಕೊಂಡಿದ್ದ ಅಡವಯ್ಯನ ಮಗಳು. ಹಲ್ಲು ನೋಡಿ ಕುರಿಯ ವಯಸ್ಸು ಹೇಳುವುದನ್ನು ಅಪ್ಪನಿಂದ ಕಲಿತಳು, ಬಿ.ಎಸ್ಸಿ., ಬಿ.ಎಡ್. ಮುಗಿಸಿ ಇಪ್ಪತ್ತಮೂರಕ್ಕೇ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾದಳು. ಮೊದಲು ಶಿರಾದಲ್ಲಿ, ಆಮೇಲೆ ಕಳ್ಳಂಬೆಳ್ಳದ ಆಚೆಯ ಒಂದು ಹಳ್ಳಿಯಲ್ಲಿ. ಕೆಲಸ ಸಿಕ್ಕ ಖುಷಿ ಅವಳಿಗೆ ಇಪ್ಪತ್ತಮೂರು ವರ್ಷವೂ ಮಾಸಿರಲಿಲ್ಲ. ಮುಂದೆ ಓದಲಿಲ್ಲವಲ್ಲ ಎಂಬ ಕೊರಗೂ ಇರಲಿಲ್ಲ.

ಇದ್ದದ್ದು ಒಂದೇ ಕಿರಿಕಿರಿ. ಪುಸ್ತಕದಲ್ಲಿ ಬರುವ ನ್ಯಾನೊ ಎಂಬ ಪದವನ್ನು ಅವಳು ವರ್ಷಾನುಗಟ್ಟಲೆ ಪಾಠ ಮಾಡಿದ್ದಳು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪವನ್ನು ಎಂಬತ್ತು ಸಾವಿರ ಸಲ ಸೀಳಿದರೆ ಸಿಗುವ ಒಂದು ಎಳೆ. ಮಕ್ಕಳು ತಮ್ಮ ತಮ್ಮ ಜಡೆ ಹಿಡಿದು ನೋಡಿಕೊಂಡು ನಗುತ್ತಿದ್ದರು, ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಒಂದು ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ನೀವು ನೋಡಿದೀರಾ ಮಿಸ್ ಎಂದು ಬಹಳ ಮರ್ಯಾದೆಯಿಂದಲೇ ಕೇಳಿದಳು. ಇಲ್ಲ ಎಂದಳು ಗಂಗಲಕ್ಷ್ಮಿ. ಹುಡುಗಿ ಥ್ಯಾಂಕ್ಯೂ ಹೇಳಿ ಕೂತಳು. ಆದರೆ ಗಂಗಲಕ್ಷ್ಮಿಗೆ ಅವತ್ತು ಬಸ್ಸಿನಲ್ಲಿ ದಾರಿಯಿಡೀ ಒಂದೇ ಯೋಚನೆ: ಕಾಲಿಟ್ಟೇ ನೋಡದ ಊರಿನ ಬೀದಿಗಳನ್ನೆಲ್ಲ ಇಷ್ಟು ವರ್ಷ ವರ್ಣಿಸಿಕೊಂಡು ಬಂದೆನಲ್ಲ.

ಮರುವರ್ಷ ಇಲಾಖೆಯಿಂದ ಅಧ್ಯಯನ ರಜೆ ಸಿಕ್ಕಿತು. ಶಿರಾದ ಹೊರಗೆ ಹೈವೇ ಪಕ್ಕದಲ್ಲಿದ್ದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದಳು. ಮೊದಲ ದಿನ ಅವಳು ಕ್ಲಾಸಿನ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ ಹುಡುಗಿಯರೆಲ್ಲ ಧಡಕ್ಕನೆ ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದರು. ಅವಳೂ ಅಭ್ಯಾಸಬಲದಿಂದ ಕೂತ್ಕೊಳ್ಳಿ ಎಂದಳು. ಆಮೇಲೆ ಹೋಗಿ ಮೊದಲ ಬೆಂಚಿನ ತುದಿಯಲ್ಲಿ ಅವರ ಜೊತೆ ತಾನೂ ಕೂತಾಗ ಎದ್ದ ನಗು ನಿಲ್ಲುವುದಕ್ಕೆ ಐದು ನಿಮಿಷ ಬೇಕಾಯಿತು. ಕೊನೆಯವರೆಗೂ ಅವರು ಅವಳನ್ನು ಮಿಸ್ ಎಂದೇ ಕರೆದರು, ಅವಳ ನೋಟ್ಸು ಇಸಿದುಕೊಂಡರು, ಕಂಪ್ಯೂಟರಿನಲ್ಲಿ ಗ್ರಾಫ್ ಹಾಕುವುದನ್ನು ಕಲಿಸಿಕೊಟ್ಟರು.

ಮೂರನೆಯ ಸೆಮಿಸ್ಟರ್ ಮುಗಿಯುವಾಗ ನೋಟಿಸ್ ಬೋರ್ಡಿಗೆ ಪ್ರಾಜೆಕ್ಟಿನ ಪಟ್ಟಿ ಬಿತ್ತು. ಯಾರಿಗೆ ಯಾವ ಗೈಡು ಎಂದು ಅದರಲ್ಲಿತ್ತು. ಗಂಗಲಕ್ಷ್ಮಿಯ ಹೆಸರಿನ ಎದುರು, ವಿಷಯ ನ್ಯಾನೊವಿಜ್ಞಾನ, ಮಾರ್ಗದರ್ಶಕರು ಡಾ. ಫರೀಹಾ ಎಂದಿತ್ತು. ಬೆಂಗಳೂರಿನಲ್ಲಿ ಪಿಎಚ್.ಡಿ. ಮುಗಿಸಿ ಆ ತಿಂಗಳಷ್ಟೇ ಬಂದು ಸೇರಿದವರು, ತುಂಬಾ ಸ್ಟ್ರಿಕ್ಟಂತೆ ಎಂದು ಹುಡುಗರು ಹೆದರಿಸಿದರು. ಗಂಗಲಕ್ಷ್ಮಿ ಬಾಗಿಲು ತಟ್ಟಿ ಒಳಗೆ ಹೋದಳು. ಮೇಜಿನ ಹಿಂದೆ ಕೂತಿದ್ದವಳು ಎಡಗೈಯಲ್ಲಿ ಏನೋ ಬರೆಯುತ್ತಿದ್ದಳು. ಆ ಎಡಗೈ ಬರವಣಿಗೆ ನೋಡಿಯೇ ಗುರುತು ಸಿಕ್ಕಿತು. ಶಿರಾದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಮಾಡುವ ಲಿಯಾಕತ್ ಅಲಿಯ ಮಗಳು. ಒಂಬತ್ತನೇ ತರಗತಿಯಲ್ಲಿ ಮೂರನೇ ಬೆಂಚು. ಹದಿನೆಂಟು ವರ್ಷದ ಹಿಂದೆ ಅವಳಿಗೆ ಇದೇ ಗಂಗಲಕ್ಷ್ಮಿ ವಿಜ್ಞಾನ ಕಲಿಸಿದ್ದಳು.

ಫರೀಹಾ ತಲೆ ಎತ್ತಿದವಳೇ ಎದ್ದು ನಿಂತಳು. ಗೈಡು ನಿಂತಮೇಲೆ ವಿದ್ಯಾರ್ಥಿ ಕೂರುವುದು ಹೇಗೆಂದು ಗಂಗಲಕ್ಷ್ಮಿಯೂ ನಿಂತೇ ಇದ್ದಳು. ಮಿಸ್, ಕೂತ್ಕೊಳ್ಳಿ ಎಂದು ಫರೀಹಾ, ನೀವು ಕೂತ್ಕೊಳ್ಳಿ ಮೇಡಂ ಎಂದು ಗಂಗಲಕ್ಷ್ಮಿ. ಹೋಗು, ಬಾ ಎಂದು ಏಕವಚನದಲ್ಲಿ ಕರೆದು ಅಭ್ಯಾಸವಾದ ಹುಡುಗಿಯನ್ನು ನೀವು ಎನ್ನುವಾಗ ಗಂಗಲಕ್ಷ್ಮಿಯ ನಾಲಿಗೆ ತೊಡರಿತು. ಕೊನೆಗೆ ಫರೀಹಾಳೇ ಒಂದು ದಾರಿ ಕಂಡುಹಿಡಿದಳು. ಲ್ಯಾಬಿನ ಒಳಗೆ ನಾನು ಗೈಡು, ಗಂಗಲಕ್ಷ್ಮಿ ಅವರೇ ಎಂದು ಕರೆಯುತ್ತೇನೆ, ತಪ್ಪು ಮಾಡಿದರೆ ಹೇಳುತ್ತೇನೆ. ಲ್ಯಾಬಿನ ಹೊಸಿಲು ದಾಟಿದರೆ ನೀವು ನಮ್ಮ ಮಿಸ್ಸು. ಗಂಗಲಕ್ಷ್ಮಿ ಒಪ್ಪಿದಳು. ಆದರೂ ಮೊದಲ ಸಲ ಆ 'ಗಂಗಲಕ್ಷ್ಮಿ ಅವರೇ' ಕಿವಿಗೆ ಬಿದ್ದಾಗ ಯಾರೋ ಬೇರೆಯವರನ್ನು ಕರೆದ ಹಾಗಾಗಿ ಹಿಂದೆ ತಿರುಗಿ ನೋಡಿದಳು.

ಫರೀಹಾ ಹೇಳಿದ ಕೆಲಸ ಕೇಳಲು ಸುಲಭವಾಗಿತ್ತು. ಗಿಡಮರದ ಯಾವುದಾದರೂ ಕಸವನ್ನು ನೀರಿನ ಜೊತೆ ಗಟ್ಟಿ ಉಕ್ಕಿನ ಡಬ್ಬಿಯೊಳಗೆ ಬಿಗಿದು ಎಂಟು ಗಂಟೆ ಸುಡುಬಿಸಿಯಲ್ಲಿಟ್ಟರೆ, ಅದರಲ್ಲಿರುವ ಇಂಗಾಲ ಮುರಿದು, ಸೇರಿ, ಕೆಲವೇ ನ್ಯಾನೊಮೀಟರಿನ ಚುಕ್ಕಿಗಳಾಗುತ್ತದೆ. ಅವಕ್ಕೆ ಕಾರ್ಬನ್ ಡಾಟ್ ಎಂದು ಹೆಸರು. ಮಸಿಯ ಜಾತಿಯೇ ಆದರೂ ಅಷ್ಟು ಸಣ್ಣದಾದ ಮೇಲೆ ಅದರ ಗುಣ ಬದಲಾಗುತ್ತದೆ. ನೇರಳಾತೀತ ದೀಪದ ಕೆಳಗೆ ಹಿಡಿದರೆ ಬೆಳಕು ಕೊಡುತ್ತದೆ. ಕುಡಿಯುವ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಆ ಬೆಳಕು ಮಂಕಾಗುತ್ತದೆ, ಹಾಗಾಗಿ ನೀರಿನ ಪರೀಕ್ಷೆಗೆ ಬಳಸಬಹುದು. ಯಾವ ಕಸ ಎಂಬುದನ್ನು ನೀವೇ ಆರಿಸಿ, ಹತ್ತಿರದಲ್ಲಿ ರಾಶಿ ಬಿದ್ದಿರುವುದಾದರೆ ಒಳ್ಳೆಯದು ಎಂದಳು.

ಗಂಗಲಕ್ಷ್ಮಿ ಯೋಚಿಸಬೇಕಾಗಿಯೇ ಇರಲಿಲ್ಲ. ಅದು ಜನವರಿ, ಹುಣಸೆ ಬಡಿಯುವ ಕಾಲ. ನರಸಿಂಹರಾಜುವಿನ ಅಕ್ಕ ಹೊನ್ನಕ್ಕ ಮೂರು ಮನೆ ಆಚೆ ಇದ್ದಳು. ಅವಳ ಅಂಗಳದಲ್ಲಿ ಏಳೆಂಟು ಹೆಂಗಸರು ಸುತ್ತ ಕೂತು ಹುಣಸೆಹಣ್ಣು ಕುಟ್ಟಿ, ಸಿಪ್ಪೆ ಬೇರೆ, ನಾರು ಬೇರೆ, ಬೀಜ ಬೇರೆ ಮಾಡುತ್ತಿದ್ದರು. ಸಿಪ್ಪೆಯೆಲ್ಲ ತಿಪ್ಪೆಗೆ. ಅದರಲ್ಲಿ ಒಂದು ಚೀಲ ಬೇಕೆಂದಾಗ ಹೊನ್ನಕ್ಕ ತಮಾಷೆಯೆಂದುಕೊಂಡಳು. ಆಮೇಲೆ ಹಣ್ಣಿನ ಚೀಲಕ್ಕಿಂತ ಜತನವಾಗಿ ಸಿಪ್ಪೆಯ ಚೀಲ ಹೊಲಿದು ಕೊಟ್ಟಳು. ಕಾಲೇಜಿನವರು ನೋಡ್ತಾರಲ್ಲ, ಮಣ್ಣು ಇರಬಾರ್ದು ಎಂದು ಎರಡು ಸಲ ಕೇರಿದ್ದಳು.

ಲ್ಯಾಬಿನಲ್ಲಿ ಗಂಗಲಕ್ಷ್ಮಿ ಹೊಸ ಮನೆಗೆ ಬಂದ ಸೊಸೆಯ ಹಾಗೆ ಓಡಾಡಿದಳು. ಅಲ್ಲಿನ ಅಟೆಂಡರ್ ಕದಿರಯ್ಯ ಪಾವಗಡದ ಆಚೆಯವನು; ಅವನ ಕನ್ನಡದಲ್ಲಿ ಅರ್ಧ ತೆಲುಗು. ಧೂಳು ಹಿಡಿದ ಗಾಜಿನ ಸಾಮಾನುಗಳನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಲ್ಯಾಬಿನ ಸೋಪಿನ ದ್ರಾವಣ ಮುಗಿದಿತ್ತು. ಹೊರಗಿನ ಅಂಗಡಿಯಿಂದ ಬಟ್ಟೆ ಒಗೆಯುವ ಪುಡಿ ತಂದು, ಒಂದು ಬಕೆಟ್ಟಿನಲ್ಲಿ ನೆನೆಹಾಕಿ, ಬಾಟಲಿ, ಬೀಕರು, ಕೊಳವೆ ಒಂದೂ ಬಿಡದೆ ಉಜ್ಜಿದಳು. ಆ ವಾರ ನಲ್ಲಿ ನೀರು ದಿನಕ್ಕೊಂದು ಗಂಟೆಯಷ್ಟೇ ಬರುತ್ತಿದ್ದುದರಿಂದ ಎಲ್ಲವನ್ನೂ ಒಂದೊಂದೇ ಸಲ ತೊಳೆದು ಬೋರಲು ಹಾಕಿದಳು. ಪರ್ವಾಲೇದಮ್ಮಾ, ಅದ್ದಂ ಥರ ಆಯ್ತು ಎಂದ ಕದಿರಯ್ಯ. ಕನ್ನಡಿಯ ಹಾಗಾಯಿತು ಎಂಬ ಆ ಹೊಗಳಿಕೆ ಕೇಳಿ ಅವಳಿಗೆ ಹೆಮ್ಮೆಯಾಯಿತು.

ಫರೀಹಾ ಹತ್ತು ದಿನದ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಳು. ಹೋಗುವ ಮೊದಲು ಏನೇನು ಮಾಡಬೇಕೆಂದು ಬರೆದುಕೊಟ್ಟಿದ್ದಳು. ಗಂಗಲಕ್ಷ್ಮಿ ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಮೊದಲ ಸಲವಲ್ಲವೇ ಎಂದು ಚಿಟಿಕೆಯಷ್ಟೇ ಹಾಕಿ ಡಬ್ಬಿ ಬಿಗಿದು ಓವನ್ನಿನಲ್ಲಿಟ್ಟಳು. ಮಾರನೆಯ ಬೆಳಿಗ್ಗೆ ತೆಳು ಚಹಾದಂಥ ನೀರು ಸಿಕ್ಕಿತು. ಸೋಸಿ, ತಾನು ತೊಳೆದಿಟ್ಟ ಪುಟ್ಟ ಬಾಟಲಿಗೆ ತುಂಬಿ, ಕಪ್ಪು ಪೆಟ್ಟಿಗೆಯೊಳಗಿನ ದೀಪದ ಕೆಳಗೆ ಹಿಡಿದಳು. ಬಾಟಲಿ ನೀಲಿಯಾಗಿ, ಅಚ್ಚ ನೀಲಿಯಾಗಿ ಹೊಳೆಯಿತು. ಅವಳು ಪೆಟ್ಟಿಗೆಯ ಕಿಂಡಿಗೆ ಕಣ್ಣು ಹಚ್ಚಿಕೊಂಡು ನಿಂತೇ ಇದ್ದಳು. ಜೊತೆಯ ಹುಡುಗರೆಲ್ಲ ಸರದಿಯಲ್ಲಿ ಬಂದು ನೋಡಿದರು. ಮೊದಲ ಪ್ರಯತ್ನಕ್ಕೇ ಬಂತಲ್ಲ ಮಿಸ್ ಎಂದರು.

ಖುಷಿ ಮನೆಗೂ ಬಂತು. ಶನಿವಾರ ಮಧ್ಯಾಹ್ನ ಆ ಬಾಟಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡು, ನೋಟು ಪರೀಕ್ಷಿಸುವ ನೇರಳೆ ಟಾರ್ಚೊಂದನ್ನು ಅಂಗಡಿಯವರಿಂದ ಕೇಳಿ ತಂದು, ಹೊನ್ನಕ್ಕನ ಉಗ್ರಾಣದ ಕಿಟಕಿಗೆ ಕಂಬಳಿ ಕಟ್ಟಿ, ಹುಣಸೆ ಕುಟ್ಟುವ ಹೆಂಗಸರಿಗೆಲ್ಲ ತೋರಿಸಿದಳು. ಹೊನ್ನಕ್ಕ ಬಾಟಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಇಷ್ಟ್ ದಿನ ಇದುನ್ನಾ ನಾವು ತಿಪ್ಪೆಗ್ ಸುರಿತಿದ್ದುದ್ದು?" ಎಂದಳು. ಶಾಲೆಯ ಹೆಡ್ ಮಾಸ್ಟರ್ ಜಯರಾಮಯ್ಯನವರಿಗೆ ಸುದ್ದಿ ಮುಟ್ಟಿ, ಅವರು ಬಾಟಲಿಯ ಫೋಟೊವನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿ, ನಮ್ಮ ಶಿಕ್ಷಕಿಯ ಸಾಧನೆ ಎಂದು ಬರೆದರು. ಸಂಜೆಯೊಳಗೆ ಎಪ್ಪತ್ತು ಜನ ಕೈಮುಗಿದಿದ್ದರು.

ಸೋಮವಾರ ಫರೀಹಾ ಬಂದಳು. ಬಾಟಲಿಯನ್ನು ದೀಪದ ಕೆಳಗಿಟ್ಟು ನೋಡಿ, ಚೆನ್ನಾಗಿದೆ ಎಂದಳು. ಆಮೇಲೆ, "ಬ್ಲಾಂಕ್ ಎಲ್ಲಿ, ಗಂಗಲಕ್ಷ್ಮಿ ಅವರೇ?" ಎಂದು ಕೇಳಿದಳು.

ಬ್ಲಾಂಕ್ ಅಂದರೆ ಸಿಪ್ಪೆಯೇ ಇಲ್ಲದ ಬರೀ ನೀರು. ಅದನ್ನೂ ಅದೇ ಥರದ ಬಾಟಲಿಯಲ್ಲಿಟ್ಟು ಪಕ್ಕದಲ್ಲಿ ನೋಡಬೇಕು. ಫರೀಹಾ ಬರೆದುಕೊಟ್ಟ ಚೀಟಿಯಲ್ಲಿ ಅದೂ ಇತ್ತು. ಸಡಗರದಲ್ಲಿ ಗಂಗಲಕ್ಷ್ಮಿ ಆ ಸಾಲನ್ನು ಹಾರಿಸಿಬಿಟ್ಟಿದ್ದಳು. ಫರೀಹಾ ಕ್ಲಾಸಿಗೆ ಹೋದಮೇಲೆ ಅವಳು ಶುದ್ಧ ನೀರನ್ನು ಬಾಟಲಿಗೆ ತುಂಬಿ ಪೆಟ್ಟಿಗೆಯಲ್ಲಿಟ್ಟಳು. ಬರೀ ನೀರೂ ನೀಲಿಯಾಗಿ ಹೊಳೆಯಿತು. ಇನ್ನೊಂದು ಬಾಟಲಿ ತೆಗೆದಳು, ಅದೂ ಹೊಳೆಯಿತು. ಬಾಟಲಿ ತೆಗೆಯಲೆಂದು ಕೈ ಹಾಕಿದಾಗ ಅವಳ ಬಿಳಿ ಕೋಟಿನ ತೋಳು ದೀಪದ ಕೆಳಗೆ ಬಂತು. ತೋಳಿಗೆ ತೋಳೇ ನೀಲಿ. ಅದೇ ನೀಲಿ. ನಿನ್ನೆ ಮನೆಯಲ್ಲಿ ಒಗೆದ ಕೋಟು, ಅದೇ ಪುಡಿಯಲ್ಲಿ.

ಅವಳು ಸ್ಟೂಲಿನ ಮೇಲೆ ಕೂತಳು. ಬಟ್ಟೆ ಇನ್ನಷ್ಟು ಬಿಳಿಯಾಗಿ ಕಾಣಲೆಂದು ಒಗೆಯುವ ಪುಡಿಗೆ ಹೊಳೆಯುವ ಬಣ್ಣವೊಂದನ್ನು ಸೇರಿಸುತ್ತಾರೆಂದು ಎಲ್ಲೋ ಓದಿದ್ದು ನೆನಪಾಯಿತು. ಎಪ್ಪತ್ತು ಜನರ ಕೈಮುಗಿದ ಚಿತ್ರಗಳೂ ನೆನಪಾದವು. ಕದಿರಯ್ಯ ಬಂದು ನೋಡಿ, ಬಾಟಲಿ ಒಡೆದುಹೋಯಿತೇ ಎಂದು ಕೇಳಿದ. ಇಲ್ಲ ಕದಿರಯ್ಯ, ಜಾಸ್ತಿ ತೊಳೆದುಬಿಟ್ಟೆ ಎಂದಳು.

ಫರೀಹಾ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು. "ಮೇಡಂ, ಹೊಳೀತಿರೋದು ಸಿಪ್ಪೆ ಅಲ್ಲ. ನಾನು ಹಾಕಿದ ಸೋಪಿನ ಪುಡಿ." ಕೋಟಿನ ತೋಳನ್ನು ದೀಪದ ಕೆಳಗೆ ಚಾಚಿ ತೋರಿಸಿದಳು. ಬೈಗುಳ ಬರುತ್ತದೆಂದು ಕಾದಳು. ಫರೀಹಾ ತೋಳನ್ನು ನೋಡಿದಳು, ಬಾಟಲಿ ನೋಡಿದಳು, ಲ್ಯಾಬ್ ಪುಸ್ತಕ ತೆಗೆದು ಮುಂದಿಟ್ಟು, ಇದನ್ನೂ ಬರೆಯಿರಿ, ಇವತ್ತಿನ ತಾರೀಖು ಹಾಕಿ ಎಂದಳು. ಬರೆದಾದ ಮೇಲೆ ಸಹಿ ಮಾಡಿ, ಹೊರಗೆ ಚಹಾ ಅಂಗಡಿಗೆ ಕರೆದುಕೊಂಡು ಹೋದಳು.

ಅಲ್ಲಿ ಅವಳು ಒಂದು ಹಳೆಯ ಸಂಗತಿ ಹೇಳಿದಳು. ಒಂಬತ್ತನೇ ತರಗತಿಯಲ್ಲಿ ಲೋಲಕದ ಪ್ರಯೋಗ. ಗುರುತ್ವಕ್ಕೆ ಒಂಬತ್ತು ಪಾಯಿಂಟ್ ಎಂಟು ಬರಬೇಕೆಂದು ಪುಸ್ತಕದಲ್ಲಿತ್ತು. ಫರೀಹಾಗೆ ಬಂದದ್ದು ಎಂಟೂವರೆ. ಅವಳು ಸದ್ದಿಲ್ಲದೆ ಪುಸ್ತಕದ ಅಂಕಿಯನ್ನೇ ಬರೆದಿದ್ದಳು. ಗಂಗಲಕ್ಷ್ಮಿ ಮಿಸ್ ಅದಕ್ಕೆ ಸೊನ್ನೆ ಹಾಕಿ, ನಿನ್ನ ಕಣ್ಣಿಗೆ ಕಂಡದ್ದನ್ನು ಬರಿ, ಪುಸ್ತಕ ನನ್ನ ಹತ್ತಿರಾನೂ ಇದೆ ಎಂದಿದ್ದರಂತೆ. ಎರಡು ದಿನ ಅತ್ತಿದ್ದೆ ಮಿಸ್ ಎಂದಳು ಫರೀಹಾ. ಗಂಗಲಕ್ಷ್ಮಿ ಎಷ್ಟು ಯೋಚಿಸಿದರೂ ಅದು ನೆನಪಿಗೆ ಬರಲಿಲ್ಲ. ಹಾಗೆಂದು ಒಪ್ಪಿಕೊಂಡಾಗ ಫರೀಹಾಗೆ ಚಹಾ ನೆತ್ತಿಗೇರುವಷ್ಟು ನಗು ಬಂತು. ನನ್ನ ಜೀವಮಾನದ ಸೊನ್ನೆ ನಿಮಗೆ ನೆನಪೇ ಇಲ್ಲವಲ್ಲ ಎಂದಳು.

ಊರಿಗೆ ಹೇಳುವುದು ಉಳಿದಿತ್ತು. ವಾಟ್ಸಾಪಿನಲ್ಲಿ ತಿದ್ದುಪಡಿ ಹಾಕುವುದು ಬೇಡ, ಯಾರಿಗೆ ಗೊತ್ತಾಗುತ್ತದೆ ಎಂದು ಜಯರಾಮಯ್ಯನವರು ಸಮಾಧಾನ ಮಾಡಿದರು. ಗಂಗಲಕ್ಷ್ಮಿ ತಾನೇ ಟೈಪು ಮಾಡಿ ಹಾಕಿದಳು: ಹೊಳೆದದ್ದು ಸಿಪ್ಪೆಯಲ್ಲ, ಬಟ್ಟೆ ಒಗೆಯುವ ಪುಡಿ, ಪ್ರಯೋಗ ಮುಂದುವರಿದಿದೆ. ಮೊದಲು ಕೈಮುಗಿದವರಲ್ಲಿ ಮುಕ್ಕಾಲು ಪಾಲು ಜನ ಇದಕ್ಕೂ ಕೈಮುಗಿದರು, ಇಬ್ಬರು ಅಭಿನಂದನೆಗಳು ಎಂದರು. ಹೊನ್ನಕ್ಕನಿಗೆ ಹೇಳುವುದೇ ಕಷ್ಟವೆಂದುಕೊಂಡಿದ್ದಳು. ಹೊನ್ನಕ್ಕ ಎಲ್ಲ ಕೇಳಿಸಿಕೊಂಡು, "ಅಂಗಾದ್ರೆ ನಮ್ ಸೀರೆನೂ ಮಿಂಚ್ತಾವೇನ್ ಕಣಮ್ಮ? ಟಾರ್ಚ್ ಬುಡು ನೋಡಾನ" ಎಂದಳು.

ಉಗ್ರಾಣದ ಕಿಟಕಿಗೆ ಮತ್ತೆ ಕಂಬಳಿ ಬಿತ್ತು. ಎಂಟು ಜನ ಹೆಂಗಸರು ಒಳಗೆ ತುಂಬಿಕೊಂಡರು. ಗಂಗಲಕ್ಷ್ಮಿ ಒಬ್ಬೊಬ್ಬರ ಸೆರಗಿಗೆ ಟಾರ್ಚು ಹಿಡಿದಳು. ಸೆರಗಿನ ಬಿಳಿ ಹೂವುಗಳು ನೀಲಿಯಾಗಿ ಹೊಳೆದವು, ರವಿಕೆಯ ಅಂಚು ಹೊಳೆಯಿತು, ಟವೆಲು ಹೊಳೆಯಿತು. ಬರೀ ಸೀಗೆಯಲ್ಲಿ ಒಗೆಯುವ ಅಜ್ಜಿಯೊಬ್ಬಳ ಸೀರೆ ಮಾತ್ರ ಕತ್ತಲಾಗೇ ಇತ್ತು. ಅವಳು ಪಕ್ಕದವಳ ಸೆರಗನ್ನು ತನ್ನ ಹೆಗಲಿಗೆ ಎಳೆದುಕೊಂಡು ಫೋಟೊ ತೆಗಿ ಎಂದು ಕೂತಳು. ನಗುವಿನ ಸದ್ದಿಗೆ ಮೋಟಾರಿನ ಅಂಗಡಿಯಿಂದ ನರಸಿಂಹರಾಜು ಓಡಿಬಂದು ಇಣುಕಿದ. ಅವನ ಬನಿಯನ್ ಎಲ್ಲಕ್ಕಿಂತ ಜೋರಾಗಿ ಹೊಳೆಯಿತು.

ಅದಾದ ಮೇಲೆ ಕೆಲಸ ನಿಧಾನವಾಗಿ ನಡೆಯಿತು. ಬಾಟಲಿಗಳನ್ನೆಲ್ಲ ಆಸಿಡ್ಡಿನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಏಳು ಸಲ ತೊಳೆದಳು. ಪ್ರತಿಯೊಂದನ್ನೂ ಖಾಲಿಯಿರುವಾಗಲೇ ದೀಪದ ಕೆಳಗೆ ಹಿಡಿದು ಕತ್ತಲೆಯೆಂದು ಖಾತ್ರಿ ಮಾಡಿಕೊಂಡಳು. ಈ ಸಲ ಸಿಪ್ಪೆಯ ಪುಡಿ ಜಾಸ್ತಿ ಹಾಕಿದ್ದರಿಂದ ಡಬ್ಬಿ ತೆರೆದಾಗ ಕಷಾಯದಂಥ ಕಂದು ನೀರು ಬಂತು. ದೀಪದ ಕೆಳಗೆ ಅದರಲ್ಲಿ ಏನೂ ಕಾಣಲಿಲ್ಲ. ಬೇರೆ ಉಷ್ಣತೆಯಲ್ಲಿ ಮಾಡಿದಳು, ಆಗಲೂ ಇಲ್ಲ. ಮೂರು ವಾರ ಹೀಗೇ ಹೋಯಿತು. ಸಿಪ್ಪೆಯಲ್ಲಿ ಏನೂ ಇಲ್ಲವೇನೋ ಮೇಡಂ ಎಂದಾಗ ಫರೀಹಾ ಕಷಾಯವನ್ನು ಕಿಟಕಿಗೆ ಹಿಡಿದು ನೋಡಿದಳು. ಹೊರಗಿನ ಬೆಳಕೇ ಇದರಲ್ಲಿ ದಾಟುತ್ತಿಲ್ಲ, ಒಳಗಿನ ಬೆಳಕು ಹೊರಗೆ ಹೇಗೆ ಬಂದೀತು, ತೆಳು ಮಾಡುತ್ತಾ ಹೋಗಿ ಎಂದಳು.

ಗಂಗಲಕ್ಷ್ಮಿ ಹತ್ತು ಬಾಟಲಿ ಸಾಲಾಗಿಟ್ಟಳು. ಒಂದನೆಯದರಲ್ಲಿ ಕಷಾಯ, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಅದರ ಅರ್ಧ. ಕೊನೆಯ ತುದಿಗೆ ಬರೀ ನೀರಿನ ಬ್ಲಾಂಕ್. ಒಂದೊಂದೇ ದೀಪದ ಕೆಳಗಿಟ್ಟಳು. ನಾಲ್ಕರವರೆಗೆ ಕತ್ತಲೆ. ಐದರಲ್ಲಿ ಏನೋ ಇದ್ದ ಹಾಗನ್ನಿಸಿತು. ಆರನೆಯ ಬಾಟಲಿಯಲ್ಲಿ ಮೆಲ್ಲಗೆ, ಎಳೇ ಬಾಳೆಸುಳಿಯ ಬಣ್ಣದ ಹಸಿರು ಬೆಳಕು ಮೂಡಿತು. ಮೊದಲಿನ ನೀಲಿಯ ಮುಂದೆ ಅದು ಏನೇನೂ ಅಲ್ಲ. ಅವಳು ಬ್ಲಾಂಕನ್ನು ಅದರ ಪಕ್ಕದಲ್ಲಿಟ್ಟಳು. ಬ್ಲಾಂಕ್ ಕತ್ತಲಾಗಿತ್ತು, ಬಾವಿಯ ತಳದ ಹಾಗೆ ಕತ್ತಲು. ಆ ಕತ್ತಲೆಯ ಬಾಟಲಿಯನ್ನು ನೋಡಿ ಅವಳಿಗೆ ಆದ ಸಂತೋಷವನ್ನು ಯಾರಿಗೂ ವಿವರಿಸಲಾಗಲಿಲ್ಲ. ಕದಿರಯ್ಯನನ್ನು ಕರೆದು, ನೋಡು, ಇದು ಹೊಳೆಯುತ್ತಿಲ್ಲ ಎಂದು ಮೂರು ಸಲ ಹೇಳಿದಳು. ಅವನು ಕಿಂಡಿಯಲ್ಲಿ ಇಣುಕಿ, ಲೇದಮ್ಮಾ, ಏಮೀ ಲೇದು, ಏನೂ ಇಲ್ಲ ಎಂದು ಅನುಮಾನದಿಂದಲೇ ಒಪ್ಪಿದ.

ಫರೀಹಾ ಬಂದು ನೋಡಿ ಲ್ಯಾಬಿನ ಒಳಗೇ, ಹೊಸಿಲನ್ನು ಮರೆತು, ಮಿಸ್ ಎಂದುಬಿಟ್ಟಳು.

ಮಾದರಿಯನ್ನು ದೊಡ್ಡ ಸೂಕ್ಷ್ಮದರ್ಶಕವಿದ್ದ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಕಳಿಸಿದರು. ಏಪ್ರಿಲ್ ಕೊನೆಗೆ ಚಿತ್ರ ಬಂತು. ಬೂದು ಬಯಲಿನ ಮೇಲೆ ಕಪ್ಪು ಚುಕ್ಕಿಗಳು, ಒಂದೊಂದೂ ಸುಮಾರು ನಾಲ್ಕು ನ್ಯಾನೊಮೀಟರು. ರಾಗಿ ಚೆಲ್ಲಿದಂಗೈತೆ ಕದಮ್ಮಾ ಎಂದ ಕದಿರಯ್ಯ. ಗಂಗಲಕ್ಷ್ಮಿ ಬೆರಳಿಟ್ಟು ಇನ್ನೂರು ಚುಕ್ಕಿಗಳನ್ನು ಎಣಿಸಿ ಅಳೆದಳು. ಅಳೆಯುತ್ತಾ ಅಳೆಯುತ್ತಾ, ಆ ಹತ್ತನೇ ತರಗತಿಯ ಹುಡುಗಿ ಈಗ ಎಲ್ಲಿದ್ದಾಳೋ, ಅವಳ ನಂಬರು ಯಾರ ಹತ್ತಿರವಾದರೂ ಸಿಗುತ್ತದೋ ಎಂದು ಯೋಚಿಸಿದಳು. ಹೀರಿಕೊಂಡ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಈ ಚುಕ್ಕಿಗಳು ಹಿಂದಕ್ಕೆ ಕೊಡುತ್ತಿದ್ದವು. ಬಹಳ ಕಡಿಮೆ. ಆದರೆ ಕಬ್ಬಿಣವಿದ್ದ ಬೋರಿನ ನೀರು ಹಾಕಿದಾಗ ಹೊಳಪು ಪ್ರತಿ ಸಲವೂ ಕುಗ್ಗಿತು. ಕೊರಟಗೆರೆ, ಮಧುಗಿರಿ ಕಡೆಯಿಂದ ಜೊತೆಯ ಹುಡುಗರು ಬಾಟಲಿಗಳಲ್ಲಿ ನೀರು ತಂದುಕೊಟ್ಟಿದ್ದರು.

ಜೂನಿನಲ್ಲಿ ಮೌಖಿಕ ಪರೀಕ್ಷೆ. ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು ಪ್ರಬಂಧದ ಪುಟಗಳನ್ನು ಸರಸರನೆ ತಿರುಗಿಸುತ್ತಿದ್ದವರು ಒಂದು ಕಡೆ ನಿಂತರು. ಅದು ಸೋಪಿನ ಪುಡಿಯ ಪುಟ. ಇದನ್ನು ಸೇರಿಸಲೇಬೇಕಿತ್ತೇ ಎಂದು ಕೇಳಿದರು. ಮುಂದೆ ಯಾರಾದರೂ ನನ್ನ ಹಾಗೆ ಚೆನ್ನಾಗಿ ಪಾತ್ರೆ ತೊಳೆಯುವವರು ಬರಬಹುದು ಸರ್, ಅವರಿಗೆ ಉಪಯೋಗವಾಗುತ್ತದೆ ಎಂದಳು ಗಂಗಲಕ್ಷ್ಮಿ. ಆಮೇಲೆ ಅವರು ಕೇಳಿದ ಎರಡು ಪ್ರಶ್ನೆಗಳಿಗೆ ಗೊತ್ತಿಲ್ಲ ಎಂದಳು, ಉಳಿದದ್ದಕ್ಕೆಲ್ಲ ಕಪ್ಪುಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದು ಉತ್ತರಿಸಿದಳು. ನಡುವೆ ಒಮ್ಮೆ, ಅರ್ಥ ಆಯ್ತಾ ಎಂದು ಪರೀಕ್ಷಕರನ್ನೇ ಕೇಳಿದಳು. ಹಿಂದೆ ಕೂತಿದ್ದ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಪರೀಕ್ಷಕರು ಆಯ್ತು ಮೇಡಂ ಎಂದರು. ಹೊರಗೆ ನರಸಿಂಹರಾಜು ತಾನೇ ಮಾಡಿದ ಚಿತ್ರಾನ್ನದ ಡಬ್ಬಿ ಹಿಡಿದು ಕಾಯುತ್ತಿದ್ದ. ಉಪ್ಪು ಸ್ವಲ್ಪ ಮುಂದಾಗಿತ್ತು. ಇಡೀ ವಿಭಾಗ ಅದನ್ನು ತಿಂದು ಖಾಲಿ ಮಾಡಿತು.

ಈಗ ಅವಳು ಮತ್ತೆ ತನ್ನ ಶಾಲೆಯಲ್ಲಿದ್ದಾಳೆ. ಭಾನುವಾರಗಳಲ್ಲಿ ಶಿರಾಕ್ಕೆ ಹೋಗುತ್ತಾಳೆ. ಪ್ರಾಜೆಕ್ಟನ್ನು ಲೇಖನ ಮಾಡಿ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದರು. ಅದು ತಜ್ಞರ ಹನ್ನೊಂದು ಪ್ರಶ್ನೆಗಳ ಜೊತೆ ವಾಪಸು ಬಂದಿದೆ. ಲಿಯಾಕತ್ ಅಲಿಯ ಮನೆಯ ಮಹಡಿಯಲ್ಲಿ, ಕೆಳಗಿನಿಂದ ಗಡಿಯಾರಗಳ ಟಿಕ್ ಟಿಕ್ ಕೇಳುತ್ತಿರುವಾಗ, ಫರೀಹಾಳ ತಾಯಿ ನಜ್ಮುನ್ನೀಸಾ ತಂದಿಟ್ಟ ಚಹಾ ಆರಿಹೋಗುವವರೆಗೆ ಇಬ್ಬರೂ ಕೂತು ಉತ್ತರ ಬರೆಯುತ್ತಾರೆ. ಒಂಬತ್ತಕ್ಕೆ ಬರೆದಾಗಿದೆ. ಹತ್ತನೆಯದಕ್ಕೆ ಹಳೆಯ ಅಂಕಿಗಳೇ ಸಾಕು ಎಂದು ಗಂಗಲಕ್ಷ್ಮಿ, ಸಾಲದು ಇನ್ನೊಮ್ಮೆ ಅಳೆಯಬೇಕು ಎಂದು ಫರೀಹಾ. ಇದು ಮನೆ, ಇಲ್ಲಿ ನಾನು ಮಿಸ್ಸು ಎಂದು ಗಂಗಲಕ್ಷ್ಮಿ ಜೋರು ಮಾಡಿದಳು. ಫರೀಹಾ ಜಗ್ಗಲಿಲ್ಲ. ನಜ್ಮುನ್ನೀಸಾ ಮಗಳ ಪರವಾಗಿ ಮಾತಾಡಿದ ಮೇಲೆ ಇನ್ನೊಮ್ಮೆ ಅಳೆಯುವುದೆಂದೇ ತೀರ್ಮಾನವಾಯಿತು. ಮುಂದಿನ ಶನಿವಾರ ಶಾಲೆ ಬಿಟ್ಟ ಕೂಡಲೇ ಬರುತ್ತೇನೆ, ಓವನ್ನು ಬೇರೆ ಯಾರಿಗೂ ಕೊಡಬೇಡ ಎಂದು ಹೇಳಿ ಗಂಗಲಕ್ಷ್ಮಿ ಮೆಟ್ಟಿಲಿಳಿದಳು.